ತುಂಗಭದ್ರೆಯ ಮೀನುಗಳೂ ಅಣೆಕಟ್ಟಿನ ಬಾಗಿಲುಗಳೂ

ಭರತ ಹುಣ್ಣಿಮೆ ಸಮೀಪಿಸಿತೆಂದರೆ ಮೈಲಾರದ ಹೊಳೆಯಲ್ಲಿ ನೀರಿದೆಯೇ ಎಂಬ ಪ್ರಶ್ನೆ ಏಳುವುದು ಹಡಗಲಿ ಸೀಮೆಯವರಿಗೆ ಹೊಸತಲ್ಲ. ಜಾತ್ರೆಗೆ ಬರುವ ಭಕ್ತರ ಅನುಕೂಲಕ್ಕಾಗಿ ದೂರದ ಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಡುವ ರೂಢಿ ಉಂಟು. ಅಂದರೆ, ಕಾಲುವೆಗಲ್ಲದೆ ಹೊಳೆಗೇ ನೀರು ಬಿಡುವುದು ಈ ಸೀಮೆಗೆ ಅಪರಿಚಿತವಾದ ವಿಚಾರವಲ್ಲ. ಆ ಹೊಳೆಯಲ್ಲೇ ಹುಟ್ಟಿ ಬೆಳೆಯುವ ಮೀನುಗಳಿಗಾಗಿ ಅದೇ ಪ್ರಶ್ನೆಯನ್ನು ಕೇಳಿದವರು ಮಾತ್ರ ವಿರಳ.

ಮೀನು ತಿನ್ನದವರಿಗೆ ಮೀನಿನ ಚಿಂತೆಯೇಕೆ ಎನ್ನಬಹುದು. ಶೃಂಗೇರಿಯ ತುಂಗೆಯ ಸೋಪಾನದಲ್ಲಿ ಮೀನುಗಳನ್ನು ಕಾಪಾಡಿಕೊಂಡು ಬಂದವರು ಅವನ್ನು ತಿನ್ನುವವರಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಇನ್ನು ಹೊಳೆಯನ್ನೇ ನಂಬಿ ಬದುಕುವ ಅಂಬಿಗರ, ಬೆಸ್ತರ ಕಾಯಕ ಯಾವ ಕಾಯಕಕ್ಕೂ ಕಡಿಮೆಯದಲ್ಲ. ಶರಣ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಚೌಡಯ್ಯದಾನಪುರ ಇರುವುದೂ ಇದೇ ಹೊಳೆಯ ಎಡದಂಡೆಯಲ್ಲಿಯೇ.

1945ರಲ್ಲಿ ಆರಂಭವಾಗಿ 1953ರಲ್ಲಿ ಕಾಲುವೆಗೆ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟು ಸುಮಾರು 49 ಮೀಟರ್ ಎತ್ತರವಿದೆ. ಇದನ್ನು ಕೆಳಗಿನಿಂದ ಯಾವ ಮೀನೂ ಏರಲಾರದು. ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುವ ಇದರ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ಅಂಚನ್ನು ಮುಟ್ಟುತ್ತದೆ. ಅಲ್ಲಿಂದ ಮೇಲೆ ಹರಪನಹಳ್ಳಿಯ ಕಡೆಗೆ ಹೊಳೆ ಇನ್ನೂ ಹೊಳೆಯಾಗಿ ಉಳಿದಿದೆ. ಮೀನಿನ ಬದುಕಿಗೆ ಈ ಭಾಗವೇ ಮುಖ್ಯವಾದುದು.

ಕೆರೆಯ ನೀರು ಎಷ್ಟೇ ಆಳವಿರಲಿ, ಹೊಳೆಯ ಗೆಂಡೆ ಜಾತಿಯ ಮೀನುಗಳು ಅಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಮಲೆನಾಡಿನ ಮಳೆಗೆ ಮೊದಲ ಕೆಂಪು ನೀರು ಬಂದು, ಹೊಳೆ ಏರಿ, ನೀರು ತಂಪಾಗಿ, ಹರಿವಿನ ವೇಗ ಹೆಚ್ಚಿದಾಗ ಅವುಗಳ ದೇಹದಲ್ಲಿ ಸಂತಾನದ ಸೂಚನೆ ಜಾಗೃತವಾಗುತ್ತದೆ. ಆಗ ಅವು ಹಿನ್ನೀರಿನಿಂದ ಹೊರಟು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಈಜುತ್ತವೆ. ದಂಡೆ ಮೀರಿ ಹರಡಿದ ತೆಳುನೀರಿನಲ್ಲಿ ಮೊಟ್ಟೆಗಳನ್ನು ಹಾಕುತ್ತವೆ. ಮೊಟ್ಟೆ ಒಡೆದು ಮರಿಯಾಗಲು ಸುಮಾರು ಒಂದು ದಿನ ಸಾಕು. ಆದರೆ ಆ ಮರಿ ಸ್ವತಂತ್ರವಾಗಿ ಈಜುವವರೆಗೆ ಇನ್ನೂ ಕೆಲವು ದಿನ ನೀರು ನಿಲ್ಲಬೇಕು. ಅಷ್ಟರೊಳಗೆ ಬಾಗಿಲು ಇಳಿಸಿ ಹೊಳೆಯನ್ನು ಒಮ್ಮೆಲೇ ಕುಗ್ಗಿಸಿದರೆ ಒಂದು ವರ್ಷದ ಸಂತಾನವೇ ದಂಡೆಯ ಕೆಸರಿನಲ್ಲಿ ಒಣಗಿಹೋಗುವುದು.

ಜಲಸಸ್ಯಗಳನ್ನು ದನದಂತೆ ಮೇಯುವ ಹರಗಿ ಮೀನು ಇಂದು ತೀವ್ರವಾಗಿ ಅಳಿವಿನಂಚಿನಲ್ಲಿರುವ ಜಾತಿಗಳ ಪಟ್ಟಿಗೆ ಸೇರಿದೆ. ಶಾಸ್ತ್ರಜ್ಞರು ಲೇಬಿಯೊ ಪೊಟೈಲ್ ಎಂದು ಕರೆಯುವ ಗೆಂಡೆ, ಸೈಲೋನಿಯಾ ಚಿಲ್ಡ್ರೆನಿ ಎಂಬ ಹುರುಪೆಯಿಲ್ಲದ ಮೀನು ಇವೂ ಅಳಿವಿನ ಭೀತಿಯಲ್ಲಿವೆ. ಹೊರಗಿನಿಂದ ತಂದು ಬಿಟ್ಟ ಕಾಟ್ಲಾ, ರೋಹುಗಳಿಂದ ಬಲೆ ತುಂಬಬಹುದು. ಹೋದ ಹರಗಿ ಅದರಿಂದ ಮರಳಲಾರದು. ಹೆಣೆದ ಕಣ್ಣು ಕಾಣದಷ್ಟು ಸಣ್ಣ ಬಲೆಗಳೂ ಹಾನಿ ಮಾಡುತ್ತಿವೆ. ಬಲೆಯನ್ನು ದೂರುವುದು ಸುಲಭ, ಬಾಗಿಲನ್ನು ಪ್ರಶ್ನಿಸುವುದು ಕಷ್ಟ.

ಹಿನ್ನೀರಿನಿಂದ ಮೇಲೇರುವ ಮೀನಿಗೆ ಎದುರಾಗುವುದು ಸಿಂಗಟಾಲೂರು ಏತ ನೀರಾವರಿಗಾಗಿ ಹಮ್ಮಿಗಿಯ ಬಳಿ ಕಟ್ಟಿರುವ ಬ್ಯಾರೇಜು. ಮುಂಡರಗಿ, ಹಡಗಲಿಗಳ ಹೊಲಗಳಿಗೆ ಅದು ಬೇಕೇ ಬೇಕು. ಆದರೆ ಮೊದಲ ಪ್ರವಾಹದ ದಿನಗಳಲ್ಲಿ ಅಲ್ಲಿ ನೀರಿಗೆ ಕೊರತೆಯಿಲ್ಲ. ಆ ಕೆಲವು ದಿನ ಬಾಗಿಲುಗಳನ್ನು ಪೂರ್ತಿ ಎತ್ತಿ ಮೀನಿಗೆ ದಾರಿ ಬಿಟ್ಟರೆ ನೀರಾವರಿಗೆ ಆಗುವ ನಷ್ಟ ಅತ್ಯಲ್ಪ.

ಚೀನಾದ ಯಾಂಗ್ಟ್ಸೆ ನದಿಯ ತ್ರೀ ಗಾರ್ಜಸ್ ಜಲಾಶಯದಿಂದ 2011ರಿಂದ ಇಂಥದೇ ಪ್ರಯತ್ನ ನಡೆದಿದೆ. ಗೆಂಡೆಗಳು ಮೊಟ್ಟೆಯಿಡುವ ಋತುವಿನಲ್ಲಿ ಕೆಲವು ದಿನ ಹರಿವನ್ನು ಕ್ರಮಕ್ರಮವಾಗಿ ಹೆಚ್ಚಿಸಿ ಕೃತಕ ಹೊಳೆಯೇರಿಕೆಯನ್ನು ಉಂಟುಮಾಡುತ್ತಾರೆ. ಅದೇ ನದಿಯ ಪ್ಯಾಡಲ್‌ಫಿಶ್ ಎಂಬ ಮಹಾಮತ್ಸ್ಯಕ್ಕೆ ಈ ಎಚ್ಚರ ತಡವಾಗಿ ಬಂದಿತು. 2022ರಲ್ಲಿ ಅದು ನಿರ್ನಾಮವಾಯಿತೆಂದು ಸಾರಲಾಯಿತು.

ಕೂಡ್ಲಿಗಿಯಂಥ ಒಣ ತಾಲ್ಲೂಕಿನಲ್ಲಿ 74 ಕೆರೆಗಳನ್ನು ತುಂಗಭದ್ರೆಯ ನೀರಿನಿಂದ ತುಂಬಿಸುವ ಯೋಜನೆಗಾಗಿ ಜನ ಕಾದವರು. ಹೂಳು ತುಂಬಿ ಜಲಾಶಯದ ಧಾರಣಶಕ್ತಿಯೂ 133 ಟಿ.ಎಂ.ಸಿ.ಯಿಂದ ಸುಮಾರು 105ಕ್ಕೆ ಇಳಿದಿದೆ. ಅಂಥಲ್ಲಿ ಮೀನಿಗೆ ನೀರೆಂದರೆ ರೈತನಿಗೆ ಸಿಟ್ಟು ಬರುವುದು ಸಹಜ. ಆದರೆ ಲೆಕ್ಕವನ್ನು ನೋಡಬೇಕು. ಸೆಕೆಂಡಿಗೆ 2000 ಘನ ಅಡಿಯಂತೆ ಐದು ದಿನ ಬಿಟ್ಟ ನೀರು ಒಂದು ಟಿ.ಎಂ.ಸಿ.ಯನ್ನು ಮುಟ್ಟುವುದಿಲ್ಲ. ಮೇಲಿನ ಭದ್ರೆಯಿಂದ ಬಿಟ್ಟ ಆ ನೀರಿನ ಬಹುಪಾಲು ಕೆಳಗಿನ ತುಂಗಭದ್ರಾ ಜಲಾಶಯಕ್ಕೇ ಬಂದು ಸೇರುವುದರಿಂದ ಈ ಸೀಮೆಯ ಮಟ್ಟಿಗೆ ಅದು ವ್ಯರ್ಥವಲ್ಲ. ಹಂಗಿಗೆ ಒಳಗಾಗುವವರು ಭದ್ರಾ ಅಚ್ಚುಕಟ್ಟಿನ ರೈತರು; ಅವರನ್ನು ಬಿಟ್ಟು ಮಾಡುವ ತೀರ್ಮಾನ ನ್ಯಾಯವಾಗದು.

ಅಣೆಕಟ್ಟಿನ ಕೆಳಗೂ ಇದೇ ಮಾತು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶವಾಗಿದೆ. ನೀರುನಾಯಿಯ ಅನ್ನ ಮೀನೇ. 2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲು ಕೊಚ್ಚಿಹೋದ ಬಳಿಕ ಎಲ್ಲ 33 ಬಾಗಿಲುಗಳನ್ನೂ ಬದಲಿಸುವ ತೀರ್ಮಾನವಾಯಿತು. ಹೊಸ ಬಾಗಿಲುಗಳನ್ನು ಎತ್ತಿಳಿಸುವ ನಿಯಮಗಳಲ್ಲಿ ಹೊಳೆಯನ್ನು ನಿಧಾನವಾಗಿ ಇಳಿಸುವ ಒಂದು ಸಾಲು ಸೇರಿದರೆ ಅದಕ್ಕೆ ಪ್ರತ್ಯೇಕ ವೆಚ್ಚವೇನೂ ಇಲ್ಲ.

ಶಾಲೆಗಳು ತೆರೆದ ಹೊಸದರಲ್ಲಿಯೇ ಹೊಳೆಗೆ ಕೆಂಪು ನೀರು ಬರುವುದು. ಹಡಗಲಿ, ಹರಪನಹಳ್ಳಿಗಳ ಹೊಳೆದಂಡೆಯ ಊರುಗಳಿಂದ ಬರುವ ವಿದ್ಯಾರ್ಥಿಗಳು ಆ ದಿನಾಂಕವನ್ನೂ, ಅಂದು ಬಲೆಗೆ ಬಿದ್ದ ಮೀನುಗಳ ಹೆಸರುಗಳನ್ನೂ ವರ್ಷವರ್ಷ ಒಂದು ಪುಸ್ತಕದಲ್ಲಿ ಬರೆದಿಡಬಹುದು. ಹಮ್ಮಿಗಿಯ ಬಾಗಿಲುಗಳು ಆಗ ಎತ್ತಿದ್ದವೋ ಇಳಿದಿದ್ದವೋ ಎಂಬುದನ್ನೂ ಅದರ ಪಕ್ಕದಲ್ಲಿಯೇ ಬರೆಯಬೇಕಾದೀತು.