ಹೆಸರಿನ ವಹಿ ಯಾರ ಕೈಯಲ್ಲಿ?

ಯಡ್ರಾಮಿಯಲ್ಲೊಂದು, ಜೇವರ್ಗಿಯಲ್ಲೊಂದು ಬಸವೇಶ್ವರ ಕಿರಾಣಿ ಅಂಗಡಿ ಇದ್ದರೆ ಯಾರಿಗೂ ತಕರಾರಿಲ್ಲ. ಅಂತರ್ಜಾಲದಲ್ಲಿ ಹಾಗಲ್ಲ. ಅಲ್ಲಿ ಒಂದು ಹೆಸರಿಗೆ ಇಡೀ ಜಗತ್ತಿಗೆ ಒಬ್ಬನೇ ಒಡೆಯ. ಅದೂ ಆತ ಶುಲ್ಕ ಕಟ್ಟುತ್ತಿರುವವರೆಗೆ ಮಾತ್ರ. ಇದೇ ಡೊಮೈನ್ ಹೆಸರು. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ನಾವು ಬರೆದ ಹೆಸರಿಗೆ ಸರಿಯಾದ ಅಂಕಿಯನ್ನು ಹುಡುಕಿಕೊಡುವ ವಹಿಯೊಂದು ಇರಲೇಬೇಕು.

ಹೊಲದ ಪಹಣಿ ಕಂದಾಯ ಇಲಾಖೆಯ ಕೈಯಲ್ಲಿದೆ. ಈ ವಹಿ? ಡಾಟ್ ಕಾಮ್‌ನಂಥ ಹೆಸರುಗಳ ನಿಯಮ ನೋಡಿಕೊಳ್ಳುವುದು 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಐಕ್ಯಾನ್ ಎಂಬ ಲಾಭರಹಿತ ಖಾಸಗಿ ಸಂಸ್ಥೆ. ಹೆಸರು ನೋಂದಾಯಿಸುವ ಕಂಪನಿಗಳು ಅದರೊಡನೆ ಮಾಡಿಕೊಂಡ ಕರಾರುಗಳೇ ಅಲ್ಲಿನ ಕಟ್ಟಳೆ. ಸರ್ಕಾರಗಳು ಸಲಹೆ ಕೊಡಬಹುದು, ಅಷ್ಟೇ. ಅಮೆರಿಕದ ವಾಣಿಜ್ಯ ಇಲಾಖೆಗಿದ್ದ ಉಸ್ತುವಾರಿಯೂ 2016ರ ಅಕ್ಟೋಬರ್‌ಗೆ ಮುಗಿಯಿತು.

ಉದ್ಯಮವೇ ತನಗೆ ನಿಯಮ ಹಾಕಿಕೊಂಡದ್ದರಿಂದ ಅಂತರ್ಜಾಲ ಬೇಗ ಹಬ್ಬಿತು, ನಿಜ. ಆದರೆ ಡಾಟ್ ಕಾಮ್ ಹೆಸರು ಕೇಳಿ ಬಂದವನು ಅದಕ್ಕೆ ಅರ್ಹನೇ ಎಂದು ಯಾರೂ ವಿಚಾರಿಸುವುದಿಲ್ಲ. ಮೊದಲು ಬಂದವನಿಗೆ ಹೆಸರು!

ಇದರ ಪರೀಕ್ಷೆ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಸತ್ಯಂ ಇನ್ಫೋವೇ ಕಂಪನಿ 1999ರಲ್ಲಿ 'ಸಿಫಿ'ಯಿಂದ ಆರಂಭವಾಗುವ ಹೆಸರುಗಳನ್ನು ನೋಂದಾಯಿಸಿತ್ತು. ಬಳಿಕ ಇನ್ನೊಂದು ಕಂಪನಿ 'ಸಿಫ್ಫಿನೆಟ್' ಎಂದು ನೋಂದಾಯಿಸಿಕೊಂಡಿತು. ವ್ಯತ್ಯಾಸ ಒಂದೇ ಒಂದು ಅಕ್ಷರ. ಅದು ತಮ್ಮ ಐವರು ಪ್ರವರ್ತಕರ ಹೆಸರುಗಳ ಮೊದಲಕ್ಷರ ಎಂಬುದು ಅವರ ಸಮಜಾಯಿಷಿ. ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆದುಹಾಕಿತು, 2004ರ ಮೇ 6ರಂದು ಸುಪ್ರೀಂ ಕೋರ್ಟ್ ಮತ್ತೆ ಎತ್ತಿಹಿಡಿಯಿತು. ಡೊಮೈನ್ ಹೆಸರಿನ ತಂಟೆಗೆಂದೇ ಮಾಡಿದ ಕಾನೂನು ನಮ್ಮಲ್ಲಿರಲಿಲ್ಲ. ಆದರೂ ಅದು ಬರೀ ವಿಳಾಸವಲ್ಲ, ವ್ಯಾಪಾರದ ಗುರುತು; ಒಬ್ಬರ ಸರಕನ್ನು ಇನ್ನೊಬ್ಬರದೆಂದು ಸಾಗಹಾಕುವುದನ್ನು ತಡೆಯುವ ಹಳೆಯ ನ್ಯಾಯ ಇದಕ್ಕೂ ಸಲ್ಲುತ್ತದೆ ಎಂದಿತು ನ್ಯಾಯಾಲಯ.

ನಮ್ಮ ಡಾಟ್ ಇನ್ ವಹಿಯನ್ನು 2005ರಿಂದ ನೋಡಿಕೊಳ್ಳುತ್ತಿರುವುದು ಕೇಂದ್ರ ಸರ್ಕಾರ ಸ್ಥಾಪಿಸಿದ ನಿಕ್ಸಿ. ತಕರಾರು ಬಂದರೆ ಮಧ್ಯಸ್ಥರ ಮುಂದೆ ಹೋಗಬೇಕು. ಇಲ್ಲಿಯೂ ವಿಚಾರಣೆ ದೂರು ಬಂದಮೇಲೆಯೇ. ಅಷ್ಟರೊಳಗೆ ದುಡ್ಡು ಕಳಕೊಂಡವನ ಗತಿ? ಅದಕ್ಕೇ ಕೆಲವು ಹೆಸರುಗಳಿಗೆ ಮೊದಲೇ ಬೇಲಿ ಹಾಕಲಾಗಿದೆ. ಗೌ ಡಾಟ್ ಇನ್ ಸರ್ಕಾರಿ ಸಂಸ್ಥೆಗಳಿಗೆ ಮೀಸಲು. ಬ್ಯಾಂಕ್ ಡಾಟ್ ಇನ್ ಎಂಬುದನ್ನು ಬ್ಯಾಂಕುಗಳಿಗೆ ಮಾತ್ರ ಕೊಡುವುದಾಗಿ ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿತು.

ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ನೀವು ವಿಳಾಸವನ್ನು ಮೊದಲ ಒಂಟಿ ಓರೆಗೀಟಿನವರೆಗೆ ತೆಗೆದುಕೊಂಡು ಬಲಗಡೆಯಿಂದ ಓದಿ. 'ಗೌ ಡಾಟ್ ಇನ್' ಕೊನೆಯಲ್ಲಿರಬೇಕು. ಅದರ ಮುಂದೆ ಇನ್ನೊಂದು ಚುಕ್ಕೆ, ಇನ್ನೊಂದು ಪದ ಇದ್ದರೆ ಆ ತಾಣ ಸರ್ಕಾರದ್ದಲ್ಲ.