ರಾಯದುರ್ಗ–ಮಡಕಶಿರಾ ಸೀಮೆಯ ಕನ್ನಡ: ಕಡತ, ಸಮಾಧಿಗಲ್ಲು ಮತ್ತು ಹಳೆಯ ಮನೆಗಳ ಸಾಕ್ಷ್ಯ

ಗಡಿನಾಡಿನ ಕನ್ನಡವನ್ನು ಕುರಿತು ಬರೆಯುವಾಗ ನಾವು ಸಾಮಾನ್ಯವಾಗಿ ಇವತ್ತು ಕಿವಿಗೆ ಬೀಳುವ ಮಾತನ್ನಷ್ಟೇ ಗಮನಿಸುತ್ತೇವೆ. ಅದೇ ಮಾತು ನೂರೈವತ್ತು ವರ್ಷದ ಹಿಂದೆ ಹೇಗಿತ್ತು ಎಂದು ಯಾರಾದರೂ ಕೇಳಿದರೆ ತೋರಿಸಲು ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಗ್ರಿಯರ್ಸನ್ನರ ಭಾಷಾ ಸರ್ವೇಕ್ಷಣೆಯ ಕ್ಷೇತ್ರಕಾರ್ಯ ಮದ್ರಾಸ್ ಪ್ರಾಂತಕ್ಕೆ ಬರಲಿಲ್ಲ. ಹಾಗಾಗಿ ಆಗ ಆ ಪ್ರಾಂತದಲ್ಲಿದ್ದ ರಾಯದುರ್ಗ, ಮಡಕಶಿರಾಗಳ ಮಾತಿನ ಮಾದರಿಗಳನ್ನು ಅಲ್ಲಿ ಹುಡುಕಿ ಫಲವಿಲ್ಲ. ಈ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಿಕೊಳ್ಳಲು ಸ್ಥಳೀಯ ಚರಿತ್ರೆಯ ಮೂರು ಆಕರಗಳು ನಮಗೆ ನೆರವಾಗುತ್ತವೆ: ಕಚೇರಿಯ ಕಡತ, ಸಮಾಧಿಗಲ್ಲು, ಹಳೆಯ ಮನೆ. ಇವನ್ನು ಒಂದರೊಡನೊಂದು ತಾಳೆ ನೋಡಿ ಓದಬೇಕು ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ವಿವರಿಸಲು ಯತ್ನಿಸಿದ್ದೇನೆ.

1. ಆಡಳಿತದ ಹಿನ್ನೆಲೆ

ಕಡತ ಹುಡುಕುವವರು ಮೊದಲು ಜಿಲ್ಲೆಗಳ ಚರಿತ್ರೆಯನ್ನು ತಿಳಿದಿರಬೇಕು. 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಪ್ರದೇಶವೇ ದತ್ತಮಂಡಲ. 1808ರಲ್ಲಿ ಅದು ಬಳ್ಳಾರಿ, ಕಡಪ ಎಂದು ಎರಡಾಯಿತು. ನಮ್ಮ ಎರಡೂ ತಾಲ್ಲೂಕುಗಳು ಬಳ್ಳಾರಿಯ ಪಾಲಿಗೆ ಬಂದವು. 1882ರಲ್ಲಿ ಅನಂತಪುರ ಜಿಲ್ಲೆಯಾದಾಗ ಮಡಕಶಿರಾ ಅದಕ್ಕೆ ಸೇರಿತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಬಂದಾಗ ಆದವಾನಿ, ಆಲೂರುಗಳ ಜೊತೆಗೆ ರಾಯದುರ್ಗವೂ ಆಂಧ್ರಕ್ಕೆ ಹೋಗಿ ಅನಂತಪುರ ಜಿಲ್ಲೆಯ ಭಾಗವಾಯಿತು. 2022ರಲ್ಲಿ ಮಡಕಶಿರಾ ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದರಿಂದ ಇವೆರಡೂ ಮತ್ತೆ ಬೇರೆ ಬೇರೆ ಜಿಲ್ಲೆಗಳಲ್ಲಿವೆ.

ಇದರ ಪರಿಣಾಮ ನೇರವಾದದ್ದು. ಡಬ್ಲ್ಯು. ಫ್ರಾನ್ಸಿಸ್ ಬರೆದ ಗೆಜೆಟಿಯರುಗಳಲ್ಲಿ ರಾಯದುರ್ಗವನ್ನು 1904ರ ಬಳ್ಳಾರಿ ಸಂಪುಟದಲ್ಲಿಯೂ ಮಡಕಶಿರಾವನ್ನು 1905ರ ಅನಂತಪುರ ಸಂಪುಟದಲ್ಲಿಯೂ ನೋಡಬೇಕು. ಕೆಲ್ಸಾಲ್ ಅವರ 1872ರ ಬಳ್ಳಾರಿ ಮ್ಯಾನ್ಯುಅಲ್‌ನಲ್ಲಿ ಎರಡೂ ಒಟ್ಟಿಗೇ ಸಿಗುತ್ತವೆ. ಮಾತಿನ ನಂಟಾದರೂ ಈ ಗೆರೆಗಳನ್ನು ಅನುಸರಿಸಿಲ್ಲ. ರಾಯದುರ್ಗದ ಕನ್ನಡ ಬಳ್ಳಾರಿ–ಮೊಳಕಾಲ್ಮೂರು ಕಡೆಗೆ ವಾಲಿದರೆ, ಮೂರು ಕಡೆ ತುಮಕೂರು ಜಿಲ್ಲೆಯಿಂದ ಸುತ್ತುವರಿದಂತಿರುವ ಮಡಕಶಿರಾದ ಕನ್ನಡ ಶಿರಾ–ಮಧುಗಿರಿ ಕಡೆಗೆ ವಾಲುತ್ತದೆ. ‘ಮನಿ, ಬಂದಾನ’ ಎನ್ನುವ ಮಾತು ಒಂದು ಕಡೆ, ‘ಮನೆ, ಬಂದವ್ನೆ’ ಎನ್ನುವ ಮಾತು ಇನ್ನೊಂದು ಕಡೆ.

2. ಕಡತಗಳು

ಮೇಲಿನ ಹಂತದ ಕಾಗದಪತ್ರಗಳು ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರದಲ್ಲಿವೆ. ಅವು ಬಹುಪಾಲು ಇಂಗ್ಲಿಷಿನವು. ಉಪಭಾಷೆಯ ಅಭ್ಯಾಸಿಗೆ ಅವುಗಳಿಗಿಂತ ಊರ ಮಟ್ಟದ ಲೆಕ್ಕಪತ್ರಗಳು ಹೆಚ್ಚು ಉಪಯುಕ್ತ. ಮನ್ರೋ ಕಾಲದ ಪೈಮಾಶಿ, 1858ರಲ್ಲಿ ನೇಮಕವಾದ ಇನಾಂ ಕಮಿಷನ್ನಿನ ರಿಜಿಸ್ಟರುಗಳು, ಆಮೇಲಿನ ಸೆಟ್ಲ್‌ಮೆಂಟ್ ದಾಖಲೆಗಳು ಇವುಗಳಲ್ಲಿ ಹೊಲದ ಹೆಸರು, ಕೆರೆಯ ಹೆಸರು, ಇನಾಮಿನ ಹೆಸರು ಜನರ ಬಾಯಲ್ಲಿದ್ದಂತೆಯೇ ನುಸುಳಿಕೊಂಡಿರುತ್ತವೆ. ಬರೆಯುವ ಭಾಷೆ ಯಾವುದೇ ಇರಲಿ, ಹೊಲದ ಹೆಸರನ್ನು ಗುಮಾಸ್ತ ಅನುವಾದ ಮಾಡಲಾರ.

ಒಂದು ಉದಾಹರಣೆ ಸಾಕು. ವಿಜಯನಗರ ಕಾಲದ ಶಾಸನಗಳಲ್ಲಿ ಕೆರೆ ಕಟ್ಟಿಸಿದವನಿಗೆ, ಕಾಪಾಡಿದವನಿಗೆ ಬಿಡುತ್ತಿದ್ದ ಪಾಲನ್ನು ‘ದಸವಂದ’ ಎಂದಿದೆ. ಕಂಪನಿ ಕಾಲದ ಇನಾಂ ದಾಖಲೆಗಳಲ್ಲಿ ಅದೇ ‘ದಶಬಂಧಂ’ ಆಗಿ ಕೂತಿದೆ. ಕಲ್ಲಿನ ಮೇಲಿನ ಮಾತು ಕಚೇರಿಗೆ ನಡೆದುಬಂದ ದಾರಿ ಇದರಿಂದ ತಿಳಿಯುತ್ತದೆ. ಈಗ ಊರಿನ ಹಿರಿಯರು ಆ ಹೊಲವನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿಕೊಂಡರೆ ಮೂರನೆಯ ರೂಪವೂ ದೊರಕೀತು.

ಕಚೇರಿಗೆ ಸೇರದ ಕಾಗದಗಳೂ ಉಂಟು. ಆಂಧ್ರಪ್ರದೇಶದಲ್ಲಿ ಕರಣಂ, ರೆಡ್ಡಿ ಮುಂತಾದ ಗ್ರಾಮಾಧಿಕಾರಿ ಹುದ್ದೆಗಳು 1984ರಲ್ಲಿ ರದ್ದಾದವು. ಒಪ್ಪಿಸಬೇಕಾದದ್ದನ್ನು ಒಪ್ಪಿಸಿ ಉಳಿದ ಚೀಟಿ, ಕಡತ, ಖಾಸಗಿ ಲೆಕ್ಕದ ಪುಸ್ತಕಗಳನ್ನು ಶ್ಯಾನುಭೋಗರ ಮನೆತನಗಳಲ್ಲಿ ಅಟ್ಟದ ಮೇಲೆ ಗಂಟುಕಟ್ಟಿ ಇಟ್ಟಿರುವುದುಂಟು. ಈ ಗಂಟುಗಳನ್ನು ಬಿಚ್ಚಿಸುವುದು ನಯದ ಕೆಲಸ. ಜಮೀನಿನ ತಕರಾರು ಎದ್ದೀತೆಂಬ ಭಯ ಮನೆಯವರಿಗೆ ಸಹಜವಾಗಿಯೇ ಇರುತ್ತದೆ.

3. ಸಮಾಧಿಗಲ್ಲುಗಳು

ಇಲ್ಲಿ ಅತ್ಯಂತ ಹಳೆಯ ಬರಹ ಸಿಗುವುದು ಸತ್ತವರಿಗಾಗಿ ನೆಟ್ಟ ಕಲ್ಲುಗಳಲ್ಲಿ ಮತ್ತು ದಾನಶಾಸನಗಳಲ್ಲಿ. ಮಡಕಶಿರಾ ಸೀಮೆಯ ಹೇಮಾವತಿ ನೊಳಂಬರ ರಾಜಧಾನಿಯಾಗಿತ್ತು. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳು 1939 ಮತ್ತು 1941ರಲ್ಲಿ ‘ದಕ್ಷಿಣ ಭಾರತ ಶಾಸನಗಳು’ ಮಾಲೆಯ ಒಂಬತ್ತನೆಯ ಸಂಪುಟದ ಎರಡು ಭಾಗಗಳಾಗಿ ಅಚ್ಚಾದವು. ಗಡಿಯಾಚೆ ಶಿರಾ, ಪಾವಗಡದ ಕಲ್ಲುಗಳು ಮಾತ್ರ ರೈಸ್ ಅವರ 1904ರ ತುಮಕೂರು ಸಂಪುಟದಲ್ಲಿವೆ. ನೊಳಂಬರ ನಾಡು ಒಂದೇ ಆದರೂ ಅದರ ಕಲ್ಲುಗಳು ಎರಡು ಗ್ರಂಥಗಳಲ್ಲಿ ಹಂಚಿಹೋಗಿವೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳದೆ ಈ ಸೀಮೆಯ ಭಾಷೆಯನ್ನು ಹೇಳಲಾಗದು.

ಹೇಮಾವತಿಯ ಹೆಸರೇ ಒಂದು ಪಾಠ. ಹಳೆಯ ರೂಪ ಪೆಂಜೇರು, ಪಕಾರ ಹಕಾರವಾದ ಮೇಲೆ ಹೆಂಜೇರು. ಪದದ ಮೊದಲಿನ ಹಕಾರವನ್ನು ನುಂಗುವ ಇಲ್ಲಿಯ ಆಡುಮಾತಿನಲ್ಲಿ ಎಂಜೇರು, ದೇವರು ಎಂಜೇರಪ್ಪ. ಹಳ್ಳಿಗೆ ಅಳ್ಳಿ, ಹೋಗುವುದಕ್ಕೆ ಓಗೋದು ಎನ್ನುವ ಜನ ಸಾವಿರ ವರ್ಷದ ಧ್ವನಿವ್ಯತ್ಯಾಸವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದಾರಷ್ಟೆ.

ಈಚಿನ ಸಮಾಧಿಗಳಿಗೂ ಇದೇ ಗಮನ ಬೇಕು. 1827ರಲ್ಲಿ ಪತ್ತಿಕೊಂಡದಲ್ಲಿ ತೀರಿಕೊಂಡ ಮನ್ರೋನನ್ನು ಮೊದಲು ಇದೇ ಜಿಲ್ಲೆಯ ಗುತ್ತಿಯಲ್ಲಿ ಹೂಳಿ, 1831ರಲ್ಲಿ ಅವಶೇಷಗಳನ್ನು ಮದ್ರಾಸಿನ ಕೋಟೆಯ ಚರ್ಚಿಗೆ ಸಾಗಿಸಿದರು. ಪ್ರಾಂತದ ಐರೋಪ್ಯ ಸಮಾಧಿಗಳ ಬರಹಗಳನ್ನು ಜೆ. ಜೆ. ಕಾಟನ್ 1905ರಲ್ಲೇ ಪಟ್ಟಿಮಾಡಿದರು. ನಮ್ಮ ಲಿಂಗಾಯತ, ಕುರುಬ, ಕುಂಚಿಟಿಗ ಮನೆತನಗಳ ಹೊಲದ ಬದುವಿನಲ್ಲಿರುವ ಕಲ್ಲುಗಳಿಗೆ ಅಂಥ ಅದೃಷ್ಟ ಬರಲಿಲ್ಲ. ಅವುಗಳಲ್ಲಿ ಕೊರೆದವನು ವ್ಯಾಕರಣ ಬಲ್ಲವನಲ್ಲ, ಆಡಿದಂತೆ ಕೊರೆದವನು. ‘ಹುಟ್ಟಿದ’ ಎನ್ನುವಲ್ಲಿ ‘ಉಟ್ಟಿದ’ ಎಂದಿದ್ದರೆ ಅದನ್ನು ತಿದ್ದಿ ನಕಲು ಮಾಡಬಾರದು, ನಮಗೆ ಬೇಕಾದ ಸಾಕ್ಷ್ಯವೇ ಅದು. ಒಂದೇ ಮನೆತನದ ಸಾಲಿನಲ್ಲಿ ಯಾವ ತಲೆಮಾರಿನಿಂದ ಲಿಪಿ ಕನ್ನಡದಿಂದ ತೆಲುಗಿಗೆ ತಿರುಗಿದೆ ಎಂಬುದನ್ನೂ ಗುರುತುಹಾಕಿಕೊಳ್ಳಬೇಕು.

4. ಹಳೆಯ ಮನೆಗಳು

ಮನೆಯೆಂದರೆ ಪದಗಳ ಕಣಜ. ತೊಲೆ, ಜಂತೆ, ಮಾಳಿಗೆ, ಬೆಳಕಿಂಡಿ, ಗೂಡು, ಅಟ್ಟ, ಹಗೇವು, ಜಗಲಿ ಇವೆಲ್ಲ ಮನೆ ನಿಂತಿರುವವರೆಗೆ ಬಾಯಲ್ಲಿರುತ್ತವೆ. ಬಳ್ಳಾರಿ ಕಡೆಯ ಪಡಸಾಲಿ, ತುಮಕೂರು ಕಡೆಯ ನಡುಮನೆ ಇವುಗಳ ಎಲ್ಲೆ ಎಲ್ಲಿ ಸೇರುತ್ತದೆ ಎಂಬುದನ್ನು ಊರೂರು ಕೇಳಿ ನಕ್ಷೆಯಲ್ಲಿ ಗುರುತಿಸಬಹುದು. ಕಾಳು ತುಂಬುವ ನೆಲದ ಗುಂಡಿಯನ್ನು ಹಗೇವು ಅನ್ನುತ್ತಾರೋ, ತೆಲುಗಿನ ಪಾತರ ಅನ್ನುತ್ತಾರೋ ಎಂಬುದೂ ಹಾಗೆಯೇ.

ಮನೆಯ ಕಾಲವನ್ನು ಗೊತ್ತುಮಾಡುವಾಗ ಎಚ್ಚರ ಬೇಕು. ಬಾಗಿಲ ಮೇಲಿನ ತೊಲೆಯಲ್ಲಿ ಬರಿಯ ‘ಪ್ರಭವ’ ಎಂದಿದ್ದರೆ ಅದು 1867 ಆಗಬಹುದು, 1927 ಆಗಬಹುದು, ಅರವತ್ತು ವರ್ಷಕ್ಕೊಮ್ಮೆ ಸಂವತ್ಸರ ಮರಳುತ್ತದೆ. ಇಂಥಲ್ಲಿ ಮನೆಯವರ ನೆನಪು ದಾರಿ ತೋರಿಸುತ್ತದೆ. ‘ಧಾತು ಬರಕ್ಕಿಂತ ಮುಂಚೆ ಕಟ್ಸಿದ್ದಂತೆ ಕಣಪ್ಪ, ನಮ್ಮತ್ತೆ ಹೇಳ್ತಿದ್ರು’ ಎಂದು ಅಜ್ಜಿಯೊಬ್ಬರು ಹೇಳಿದರೆ, 1876–78ರ ಬರದ ಮುಂಚಿನ ಪ್ರಭವ, ಅಂದರೆ 1867 ಎಂದು ಊಹಿಸಬಹುದು. ಆಮೇಲೆ ಸೆಟ್ಲ್‌ಮೆಂಟ್ ದಾಖಲೆಯಲ್ಲಿ ಆ ಮನೆತನದ ಹೆಸರನ್ನೂ, ಹೊಲದಲ್ಲಿ ಆ ಹಿರಿಯನ ಸಮಾಧಿಯನ್ನೂ ನೋಡಿ ಖಚಿತಪಡಿಸಿಕೊಳ್ಳಬೇಕು. ಮೂರು ಆಕರಗಳನ್ನು ತಾಳೆ ನೋಡಬೇಕೆಂದದ್ದು ಇದಕ್ಕೇ.

5. ಮುಂದಿನ ಕೆಲಸ

ಮಾಳಿಗೆ ಕೆಡವಿ ತಾರಸಿ ಹಾಕುವುದನ್ನು ಬೇಡವೆನ್ನಲು ನಮಗೆ ಹಕ್ಕಿಲ್ಲ, ಸೋರುವ ಮನೆಯಲ್ಲಿ ಇರುವವರು ಅವರು. ಆದರೆ ಕೆಡವುವ ಮುಂಚೆ ಒಂದು ದಿನ ಮನೆಯ ಹಿರಿಯರನ್ನು ಕೂರಿಸಿಕೊಂಡು ಪ್ರತಿಯೊಂದು ಭಾಗದ ಹೆಸರನ್ನೂ ಅವರ ದನಿಯಲ್ಲೇ ಮುದ್ರಿಸಿಕೊಳ್ಳಬಹುದು. ಬದುವಿನ ಕಲ್ಲುಗಳ ಛಾಯಾಚಿತ್ರ ತೆಗೆದು, ಅಕ್ಷರಗಳನ್ನು ಇದ್ದಂತೆಯೇ ಬರೆದಿಡಬಹುದು. ಶ್ಯಾನುಭೋಗರ ಗಂಟುಗಳಿಂದ ಹೊಲದ ಹೆಸರುಗಳನ್ನಾದರೂ ನಕಲು ಮಾಡಿಕೊಳ್ಳಬಹುದು. ಅಮರಾಪುರ, ರೊಳ್ಳ, ಅಗಳಿ, ಡಿ. ಹಿರೇಹಾಳು ಕಡೆಯ ಕನ್ನಡ ಶಾಲೆಗಳ ಮಕ್ಕಳು, ಮೇಷ್ಟರುಗಳು ಈ ಕೆಲಸಕ್ಕೆ ಕೈ ಹಾಕಿದರೆ ಹೊರಗಿನ ವಿದ್ವಾಂಸರಿಗಿಂತ ಚೆನ್ನಾಗಿ ಮಾಡಬಲ್ಲರು. ಕಲ್ಲು ಇನ್ನೂ ನೂರು ವರ್ಷ ಕಾದೀತು. ಆ ಪದಗಳನ್ನು ಬಲ್ಲವರಿಗೆ ಈಗಾಗಲೇ ಎಂಬತ್ತು ದಾಟಿದೆ. ಆದುದರಿಂದ ಮೊದಲು ಅವರ ಹತ್ತಿರ ಹೋಗಬೇಕು, ಪತ್ರಾಗಾರಕ್ಕೆ ಆಮೇಲೆ.