ನಗರನೈರ್ಮಲ್ಯ: ಕಾಣದ ಖರ್ಚಿನ ಲೆಕ್ಕ

ಬ್ರಿಟನ್ನಿನಲ್ಲಿ 1848ರ ಸಾರ್ವಜನಿಕ ಆರೋಗ್ಯ ಕಾಯಿದೆಗೆ ದೊಡ್ಡ ಅಡ್ಡಿಯಾದವರು ಕರ ಏರಿಕೆಗೆ ಅಂಜಿದ ವರ್ತಕರು ಹಾಗೂ ಮನೆಮಾಲಿಕರು. ಚರಂಡಿ, ನೀರು ಪೂರೈಕೆ ಬಹುತೇಕ ಐಚ್ಛಿಕವಾಗಿಯೇ ಉಳಿದವು; 1875ರ ಕಾಯಿದೆಯು ಅವನ್ನು ಸ್ಥಳೀಯ ಸಂಸ್ಥೆಗಳ ಕರ್ತವ್ಯವನ್ನಾಗಿಸಿತು.

ನಮ್ಮ ಉಡುಪಿಯ ಅನುಭವವೂ ಬೋಧಪ್ರದವಾದುದು. 1968ರಲ್ಲಿ ಪುರಸಭಾಧ್ಯಕ್ಷರಾದ ವೈದ್ಯ ಡಾ. ವಿ.ಎಸ್. ಆಚಾರ್ಯರ ಅವಧಿಯಲ್ಲಿ ಇಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಷೇಧಗೊಂಡಿತು. ಕೇಂದ್ರದ ಕಾಯಿದೆ ಬಂದದ್ದು 1993ರಲ್ಲಿ. ಆದರೆ ಒಳಚರಂಡಿಯ ಕೊಳಚೆ ಇಂದ್ರಾಣಿ ಹೊಳೆಗೆ ಸೇರಿ, ಮಠದಬೆಟ್ಟು, ಕೊಡವೂರು, ಕಲ್ಮಾಡಿ ಭಾಗದ ಬಾವಿಗಳು ಕೆಟ್ಟಿವೆಯೆಂಬ ದೂರು ಬಹುಕಾಲದಿಂದ ಕೇಳಿಬಂದಿದೆ.

ಲೆಕ್ಕಪರಿಶೋಧಕನ ದೃಷ್ಟಿಯಲ್ಲಿ ಮೂಲ ತೊಡಕು ಹೀಗಿದೆ: ಕೊಳವೆ ಹಾಕುವ ಬಂಡವಾಳ ವೆಚ್ಚಕ್ಕೆ ಅನುದಾನ ದೊರೆಯುತ್ತದೆ, ವರ್ಷವರ್ಷದ ನಿರ್ವಹಣೆಗೆ ಬಹುಮಟ್ಟಿಗೆ ಸ್ಥಳೀಯ ಕರ, ಶುಲ್ಕಗಳೇ ಗತಿ. ಬಾವಿ ಕೆಟ್ಟ ಮನೆಯವರು ಟ್ಯಾಂಕರ್ ನೀರಿಗೂ ಔಷಧಿಗೂ ತೆರುವ ಹಣ ಯಾವ ಮುಂಗಡಪತ್ರದಲ್ಲೂ ಕಾಣಸಿಗದು. ಆದರೂ ಅದು ಊರಿನದೇ ಖರ್ಚು.

ಯಾತ್ರಿಕರನ್ನು ನಂಬಿ ಹೋಟೆಲು, ವಸತಿಗೃಹ ನಡೆಸುವ ನಮ್ಮ ವರ್ತಕ ಬಾಂಧವರು ಒಳಚರಂಡಿ ಶುಲ್ಕವನ್ನು ಹೊರೆಯೆಂದೆಣಿಸದೆ ಸಕಾಲದಲ್ಲಿ ಪಾವತಿಸಲಿ; ಅದು ವೆಚ್ಚವಾದ ಬಗೆಯ ಲೆಕ್ಕವನ್ನೂ ಕೇಳಲಿ.